ಒಂದು ಮರಳಿನ ಪದರ ಸಿಕ್ಕ ಮಾತ್ರಕ್ಕೆ ಭೂಕಂಪವಲ್ಲ

ಮಾನ್ಯ ಸಂಪಾದಕರೇ,

ಸರೋವರದ ತಳದಲ್ಲಿ ಪ್ರಾಚೀನ ಭೂಕಂಪದ ಕುರುಹು ಸಿಕ್ಕಿತು ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಜೊತೆಗೆ ಕೊಳವೆಯಲ್ಲಿ ತೆಗೆದ ಹೂಳಿನ ಚಿತ್ರ, ನಡುವೆ ಬಾಣದ ಗುರುತು ಹಾಕಿದ ಒಂದು ಪದರ. ಅಷ್ಟನ್ನೇ ನಂಬಿ ‘ಇಂಥ ಶತಮಾನದಲ್ಲಿ ದೊಡ್ಡ ಭೂಕಂಪವಾಗಿತ್ತು’ ಎಂದು ಬರೆದುಬಿಡುವುದು ಸರಿಯಲ್ಲ. ಅಂಥದೇ ಪದರವನ್ನು ನದಿಯ ಪ್ರವಾಹವೂ ತರುತ್ತದೆ. ಭಾರ ತಾಳದೆ ತಾನಾಗಿ ಜಾರಿದ ದಡವೂ ತರುತ್ತದೆ. ಇವನ್ನು ಬೇರ್ಪಡಿಸುವುದು ಹೇಗೆ ಎಂಬುದನ್ನು ಓದುಗರ ಮುಂದಿಡಲು ಈ ಪತ್ರ.

ನೆಲ ಜೋರಾಗಿ ಅಲುಗಿದಾಗ ನೀರಿನಡಿಯ ಇಳಿಜಾರಿನಲ್ಲಿ ಕೂತಿದ್ದ ಮೆತ್ತನೆಯ ಹೂಳು ಹಿಡಿತ ತಪ್ಪಿ ಜಾರುತ್ತದೆ. ನೀರಿನಲ್ಲಿ ಕದಡಿ, ದಟ್ಟ ಬಗ್ಗಡವಾಗಿ ಆಳದ ಕಡೆಗೆ ಹರಿಯುತ್ತದೆ. ಅಲ್ಲಿ ಮರಳು ಮೊದಲು ಕೂರುತ್ತದೆ, ಅದರ ಮೇಲೆ ಸಣ್ಣ ಕಣ, ಎಲ್ಲಕ್ಕೂ ಕೊನೆಗೆ ಜೇಡಿ. ನಾವು ಹುಡುಕುವುದು ಈ ಪದರವನ್ನು.

ಕೆಲಸ ಶುರುವಾಗುವುದು ಕೊಳವೆಯಿಂದಲ್ಲ, ಧ್ವನಿಯಿಂದ. ಹಲವು ಧ್ವನಿಕಿರಣಗಳನ್ನು ಕೆಳಕ್ಕೆ ಬಿಟ್ಟು ಪ್ರತಿಧ್ವನಿಯಿಂದ ಆಳ ಅಳೆಯುವ ಮಲ್ಟಿಬೀಮ್ ಸೋನಾರ್ ತಳದ ಉಬ್ಬುತಗ್ಗನ್ನೂ ಕುಸಿತದ ಗಾಯಗಳನ್ನೂ ತೋರಿಸುತ್ತದೆ. ಸುಮಾರು 3.5 ಕಿಲೋಹರ್ಟ್ಸ್‌ನಂಥ ಕಡಿಮೆ ಕಂಪನಾಂಕದ ಧ್ವನಿ ಹೂಳಿನೊಳಗೇ ಇಳಿದು ಪದರಗಳನ್ನು ತೋರಿಸುತ್ತದೆ. ಹೂಳಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ 1500 ಮೀಟರ್ ಎಂದಿಟ್ಟುಕೊಂಡರೆ, ಹೋಗಿ ಬರಲು 10 ಮಿಲಿಸೆಕೆಂಡ್ ಹಿಡಿದ ಪ್ರತಿಧ್ವನಿ ಬಂದದ್ದು 7.5 ಮೀಟರ್ ಆಳದಿಂದ. ಚಿತ್ರದಲ್ಲಿ ಸಾಲುಸಾಲು ಗೆರೆಗಳ ನಡುವೆ ಕಲಸಿಹೋದ ಮುದ್ದೆಯಂತೆ ಕಾಣುವುದು ಕುಸಿತದ ರಾಶಿ. ಸರೋವರದ ಬೇರೆಬೇರೆ ಬದಿಯ ಇಂಥ ಹಲವು ರಾಶಿಗಳು ಒಂದೇ ಗೆರೆಯ ಮಟ್ಟಕ್ಕೆ ಬಂದು ಕೂತಿದ್ದರೆ, ಅವೆಲ್ಲ ಒಟ್ಟಿಗೇ ಕುಸಿದವು ಎನ್ನಲು ಆಧಾರವಿದೆ. ಭೂಕಂಪದ ಪರವಾದ ಅತಿ ಗಟ್ಟಿ ಸಾಕ್ಷ್ಯ ಇದೇ. ಇಲ್ಲೊಂದು ಮೋಸವೂ ಇದೆ: ಕೊಳೆತ ಎಲೆ, ಪಾಚಿ ತುಂಬಿದ ಹೂಳಿನಲ್ಲಿ ಮೀಥೇನ್ ಗುಳ್ಳೆಗಳಿದ್ದರೆ ಧ್ವನಿ ಅಲ್ಲಿಗೇ ನಿಂತು, ಕೆಳಗೆಲ್ಲ ಮಬ್ಬಾಗುತ್ತದೆ. ಅದನ್ನು ಕುಸಿತವೆಂದು ಓದಬಾರದು.

ಕೊಳವೆ ಇಳಿಸುವ ಜಾಗ ನದಿಯ ಬಾಯಿಂದ ದೂರವಿರಬೇಕು, ಕುಸಿತದ ರಾಶಿಯ ನೆತ್ತಿಯ ಮೇಲೂ ಇರಬಾರದು. ನಡುವೆ ದಿಬ್ಬವಿರುವ ಎರಡು ಆಳದ ಗುಂಡಿಗಳಿಂದಾದರೂ ಮಾದರಿ ಬೇಕು. ಮೇಲಿನ ಒಂದು ಮೀಟರಿಗೆ ಸುಮಾರು 6 ಸೆಂಟಿಮೀಟರ್ ಅಗಲದ, ತನ್ನ ಭಾರಕ್ಕೇ ಇಳಿಯುವ ಪ್ಲಾಸ್ಟಿಕ್ ಕೊಳವೆ ಸಾಕು. ಮೇಲೆತ್ತಿದಾಗ ಹೂಳಿನ ಮೇಲೆ ನಿಂತ ನೀರು ತಿಳಿಯಾಗಿದ್ದರೆ ನೆತ್ತಿ ಕದಡಿಲ್ಲ ಎಂದರ್ಥ. ಬಗ್ಗಡವಾಗಿದ್ದರೆ ಚೆಲ್ಲಿ, ಮತ್ತೆ ಇಳಿಸಬೇಕು. ಇನ್ನೂ ಆಳಕ್ಕೆ, ಒಳಗಿನ ಬೆಣೆಯ ಹೀರುವಿಕೆಯಿಂದ ಹೂಳನ್ನು ಹಿಡಿದಿಡುವ ಪಿಸ್ಟನ್ ಕೊಳವೆ ಬೇಕಾಗುತ್ತದೆ. ಹೀಗೆ ಒಂದರ ಕೆಳಗೊಂದು ತೆಗೆದ ಎರಡು ತುಂಡುಗಳ ಸಂದಿನಲ್ಲಿ ಹೂಳು ಹಾಳಾಗುವುದರಿಂದ ಪಕ್ಕದಲ್ಲೇ ಎರಡನೇ ರಂಧ್ರ ಹಾಕಿ, ಅದರ ತುಂಡಿನ ನಡುಭಾಗ ಮೊದಲನೆಯದರ ಸಂದಿಗೆ ಎದುರಾಗುವಂತೆ ತೆಗೆಯಬೇಕು. ಮಾದರಿಯನ್ನು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಡಬೇಕು, ಹೆಪ್ಪುಗಟ್ಟಿಸಬಾರದು. ಮಂಜಿನ ಹರಳು ತೆಳು ಎಳೆಗಳನ್ನು ಒಡೆದುಹಾಕುತ್ತದೆ.

ಕೊಳವೆಯನ್ನು ಉದ್ದಕ್ಕೆ ಸೀಳಿದ ಮೇಲೆ ಮುಖವನ್ನು ಪದರದ ದಿಕ್ಕಿನಲ್ಲೇ, ಅಡ್ಡಡ್ಡ ಹೆರೆಯಬೇಕು. ಮೇಲಿಂದ ಕೆಳಕ್ಕೆ ಎಳೆದರೆ ಮರಳು ಜೇಡಿಗೆ ಬಳಿದುಕೊಂಡು ಇಲ್ಲದ ಪದರ ಹುಟ್ಟುತ್ತದೆ. ಒಳ್ಳೆಯ ಪದರದ ಬುಡ ಚಾಕುವಿನಿಂದ ಕತ್ತರಿಸಿದಂತೆ ಚೂಪಾಗಿರುತ್ತದೆ. ಬೆರಳಿಗೆ ಮೊದಲು ತರಿತರಿ, ಮೇಲೇರಿದಂತೆ ನುಣುಪು, ನೆತ್ತಿಯಲ್ಲಿ ಬೆಣ್ಣೆಯಂಥ, ಒಂದೇ ಬಣ್ಣದ ಜೇಡಿ. ಕೊಳವೆಯ ಗೋಡೆಗೆ ತಾಗಿದ ಎಳೆಗಳು ಕೆಳಕ್ಕೆ ಬಾಗಿರುವುದು ಕೊಳವೆ ಇಳಿದಾಗಿನ ಉಜ್ಜಾಟದಿಂದ. ಅದು ನೆಲ ನಡುಗಿದ ಗುರುತಲ್ಲ.

ಪ್ರವಾಹದ ಪದರ ನದಿಯ ಬಾಯಿ ಕಡೆಗೆ ದಪ್ಪವಾಗುತ್ತದೆ, ಎಲೆ ಕಡ್ಡಿಗಳ ಚೂರು ಹೆಚ್ಚಿರುತ್ತದೆ. ನೆರೆ ಏರುವಾಗ ಕಣ ದಪ್ಪವಾಗುತ್ತಾ ಹೋಗಿ ಇಳಿಯುವಾಗ ಸಣ್ಣದಾಗುವುದೂ ಉಂಟು. ಭೂಕಂಪದ ಪದರದಲ್ಲಿ ಹೆಚ್ಚಾಗಿ ಸರೋವರದ್ದೇ ಇಳಿಜಾರಿನ ಹೂಳಿರುತ್ತದೆ, ನದಿ ಸೇರದ ಗುಂಡಿಯಲ್ಲೂ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಲುಸರ್ನ್ ಸರೋವರದಲ್ಲಿ 1601ರ ಭೂಕಂಪ ಇದಕ್ಕೆ ಮಾದರಿ: ಹಲವು ಕಡೆ ಒಮ್ಮೆಗೇ ನೀರಿನಡಿಯ ಕುಸಿತಗಳಾದವು, ದೊಡ್ಡ ಅಲೆಗಳೂ ಎದ್ದವು, ಬರಹದ ದಾಖಲೆಯೂ ತಳದ ಹೂಳೂ ಒಂದನ್ನೊಂದು ಒಪ್ಪುತ್ತವೆ. ದಕ್ಷಿಣ ಚಿಲಿಯ ಸರೋವರಗಳಲ್ಲಿ 1960ರ 9.5 ತೀವ್ರತೆಯ ಭೂಕಂಪದ ಪದರವಿದೆ. ಹೀಗೆ ದಿನಾಂಕ ಗೊತ್ತಿರುವ ಕಂಪನ ಆ ಸರೋವರದಲ್ಲಿ ಏನು ಉಳಿಸಿದೆ ಎಂದು ಮೊದಲು ನೋಡಿ, ಆಮೇಲೆ ಹಳೆಯದಕ್ಕೆ ಕೈಹಾಕಬೇಕು. ಪದರ ಇಲ್ಲದಿದ್ದರೆ ಭೂಕಂಪ ಆಗಲಿಲ್ಲ ಎಂದೂ ಅಲ್ಲ. ಒಮ್ಮೆ ಜಾರಿ ಬರಿದಾದ ಇಳಿಜಾರಿನಲ್ಲಿ ಹೂಳು ಮತ್ತೆ ಕೂಡುವ ತನಕ ಮುಂದಿನ ಕಂಪನಕ್ಕೆ ಜಾರಲು ಏನೂ ಇರುವುದಿಲ್ಲ.

ಕಾಲ ಹೇಳುವಲ್ಲಿಯೇ ಹೆಚ್ಚು ಎಡವುವುದು. ಇತ್ತೀಚಿನ ಹೂಳಿಗೆ ಅಣುಬಾಂಬ್ ಪರೀಕ್ಷೆಗಳು ಬಿಟ್ಟುಹೋದ ವಿಕಿರಣಶೀಲ ಸೀಸಿಯಂ-137 ಅತಿ ಹೆಚ್ಚಿರುವ 1963ರ ಶಿಖರ, 22 ವರ್ಷ ಅರ್ಧಾಯುಷ್ಯದ (ಅಷ್ಟು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವ) ವಿಕಿರಣಶೀಲ ಸೀಸ-210 ನೆರವಾಗುತ್ತವೆ. ಅದಕ್ಕೂ ಹಿಂದಿನದಕ್ಕೆ, ಜೀವಿಗಳ ಅವಶೇಷದಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಹೇಳುವ ರೇಡಿಯೋಕಾರ್ಬನ್ ಪರೀಕ್ಷೆ. ಆ ಪರೀಕ್ಷೆಗೆ ನೆಲದ ಗಿಡದ ಎಲೆಯನ್ನೇ ಕೊಡಬೇಕು. ಸುಣ್ಣದ ನೀರಿನಲ್ಲಿ ಬೆಳೆದ ಜಲಸಸ್ಯ, ಚಿಪ್ಪು ತಮ್ಮ ವಯಸ್ಸನ್ನು ಹೆಚ್ಚಿಸಿ ತೋರಿಸುತ್ತವೆ. ಎಲೆಯನ್ನು ಪದರದೊಳಗಿಂದ ತೆಗೆಯಬಾರದು, ಅಲ್ಲಿರುವುದು ಜಾರಿಬಂದ ಹಳೆಯ ಸರಕು. ತಟ್ಟನೆ ಕೂತ ಪದರದ ದಪ್ಪವನ್ನು ಲೆಕ್ಕದಿಂದ ಕಳೆಯಲೂಬೇಕು: ವರ್ಷಕ್ಕೆ 1 ಮಿಲಿಮೀಟರ್ ಹೂಳು ಕೂರುವ ಕಡೆ 20 ಸೆಂಟಿಮೀಟರ್ ಪದರವನ್ನು ಕಳೆಯದೆ ಬಿಟ್ಟರೆ, ಕೆಲವೇ ದಿನಗಳ ಕೆಲಸ 200 ವರ್ಷವಾಗಿಬಿಡುತ್ತದೆ.

ಆದ್ದರಿಂದ ಇಂಥ ಸುದ್ದಿ ಬಂದಾಗ ಎಷ್ಟು ಕೊಳವೆ, ಎಷ್ಟು ಗುಂಡಿಗಳಿಂದ, ಪ್ರವಾಹವಲ್ಲ ಎಂದು ಹೇಗೆ ಗೊತ್ತಾಯಿತು ಎಂದು ಸಂಶೋಧಕರನ್ನು ದಯವಿಟ್ಟು ಕೇಳಿ. ಇಸವಿಯ ಜೊತೆ ಹಿಂದೆಮುಂದೆ ಎಷ್ಟು ವರ್ಷಗಳ ವ್ಯತ್ಯಾಸ ಇರಬಹುದೆಂಬುದನ್ನೂ ಅಚ್ಚು ಮಾಡಿ.

ಇತಿ,
ಸರೋವರದ ಹೂಳಿನ ಸಮೀಕ್ಷೆಯಲ್ಲಿ ತೊಡಗಿರುವವರು