ಕೆಂಪು ಶಾಯಿಯ ಸುತ್ತು

ಮಾನ್ಯ ಸಂಪಾದಕರೇ,

ಲಿವರ್ ಕ್ಯಾನ್ಸರ್ ಎಂದ ಕೂಡಲೇ ‘ಕುಡೀತಿದ್ರಾ?’ ಅನ್ನುವ ಪ್ರಶ್ನೆ ಬರುತ್ತದೆ. 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದ ನಾನೂ ಎಷ್ಟೋ ಮನೆಯವರನ್ನು ಹಾಗೆ ಕೇಳಿದ್ದೇನೆ. ಹೋದ ವರ್ಷ ಅದೇ ಮಾತನ್ನು ವಾರ್ಡಿನಲ್ಲಿ ಯಾರೋ ನಮ್ಮಕ್ಕನಿಗೆ ಕೇಳಿದರು. ಅವಳು ತಲೆ ತಗ್ಗಿಸಿದಳು. ನಮ್ಮ ಭಾವ ಎಲೆ-ಅಡಿಕೆ ಬಿಟ್ಟರೆ ಇನ್ನೊಂದು ಚಟ ಇಲ್ಲದ ಶೇಂಗಾ ಬೆಳೆಗಾರರು.

ಅವರಿಗೆ ಮೂರು ತಿಂಗಳಿಂದ ಊಟ ಸೇರುತ್ತಿರಲಿಲ್ಲ, ಬಲಪಕ್ಕೆಯ ಕೆಳಗೆ ಏನೋ ಭಾರ. ಗ್ಯಾಸ್ಟ್ರಿಕ್ ಇರಬೇಕೆಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದರು. ಮೈ ಇಳಿದು ಉಡಿದಾರ ಸೊಂಟದಿಂದ ಜಾರತೊಡಗಿತ್ತು. ಎರಡೇ ತಿಂಗಳಲ್ಲಿ ಅದೇ ಉಡಿದಾರ ಹೊಟ್ಟೆಗೆ ಕಚ್ಚಿಕೊಂಡು ಗೆರೆ ಮೂಡಿಸಿತು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಕಣ್ಣು ಹಳದಿಯಾದಾಗ ಕಾಮಾಲೆ ಎಂದು ನಾಟಿ ಔಷಧಿಗೆ ಹೋದರು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಗಡ್ಡೆ ರಕ್ತನಾಳದೊಳಕ್ಕೂ ಇಳಿದಿತ್ತು.

ಆಮೇಲೆ ಅಕ್ಕ ಟ್ರಂಕಿನಿಂದ ಹಳೇ ಫೈಲು ತೆಗೆದಳು. 11 ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿ ಆದ ಹರ್ನಿಯಾ ಆಪರೇಷನ್ನಿನ ಕಾಗದಗಳು. ಅದರಲ್ಲೊಂದು ರಕ್ತಪರೀಕ್ಷೆ ಚೀಟಿ: ‘ಎಚ್‌ಬಿಎಸ್‌ಎಜಿ ಪಾಸಿಟಿವ್’, ಅಂದರೆ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆ ಎಂದು. ಸುತ್ತಲೂ ಕೆಂಪು ಶಾಯಿಯ ವೃತ್ತ. ಆ ವೃತ್ತ ಯಾರಿಗಾಗಿ ಎಂದು ನನಗೆ ಚೆನ್ನಾಗಿ ಗೊತ್ತು. ಥಿಯೇಟರಿನವರು ಕೈಗವಸು ಎರಡೆರಡು ಹಾಕಿಕೊಳ್ಳಲಿ, ಸೂಜಿ ಚುಚ್ಚಿಕೊಳ್ಳದಂತೆ ನೋಡಿಕೊಳ್ಳಲಿ ಎಂದು. ನಾನೇ ಅಂಥ ವೃತ್ತ ಎಷ್ಟು ಎಳೆದಿಲ್ಲ! ರೋಗಿಯನ್ನು ಕೂರಿಸಿಕೊಂಡು ‘ಇದು ಹೆಪಟೈಟಿಸ್ ಬಿ, ವರ್ಷಾನುಗಟ್ಟಲೆ ಸದ್ದಿಲ್ಲದೆ ಲಿವರಿನಲ್ಲಿ ಉಳಿಯುತ್ತದೆ, ಮುಂದೆ ಗಡ್ಡೆಯಾಗಬಹುದು’ ಎಂದವರು ಅಲ್ಲಿ ಯಾರೂ ಇರಲಿಲ್ಲ.

ಹೆಪಟೈಟಿಸ್ ಸಿ ವೈರಸ್, ಹೆಂಡ, ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್ ಇವೂ ಲಿವರನ್ನು ಗಟ್ಟಿಯಾಗಿಸಿ, ಅಂದರೆ ಸಿರೋಸಿಸ್ ಮಾಡಿ, ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಬಿ ವೈರಸ್ಸಂತೂ ಕೆಲವೊಮ್ಮೆ ಸಿರೋಸಿಸ್ ಆಗುವುದಕ್ಕೂ ಕಾಯುವುದಿಲ್ಲ. ನಮ್ಮ ಚಳ್ಳಕೆರೆ, ಪಾವಗಡದ ಕಡೆಯವರಿಗೆ ಇನ್ನೊಂದು ಮಾತು: ಒಳ್ಳೇ ಶೇಂಗಾ ಮಂಡಿಗೆ ಕಳಿಸಿ, ಮಳೆಗೆ ನೆಂದು ಬೂಸ್ಟು ಹಿಡಿದದ್ದನ್ನು ಮನೆಯ ಚಟ್ನಿಪುಡಿಗೆ ಇಟ್ಟುಕೊಳ್ಳುವುದುಂಟು. ಆ ಬೂಸ್ಟಿನಲ್ಲಿರಬಹುದಾದ ಅಫ್ಲಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗದು. ಬಿ ವೈರಸ್ ಇದ್ದವರ ಹೊಟ್ಟೆಗೆ ಅದೂ ಸೇರಿದರೆ ಅಪಾಯ ಹಲವು ಪಟ್ಟು ಹೆಚ್ಚು. ಭಾವನ ಮನೆಯಲ್ಲೂ ಅದೇ ಪುಡಿ ಇರುತ್ತಿತ್ತು. ಅದರದ್ದೆಷ್ಟು ಪಾಲೋ ಯಾರು ಹೇಳಬಲ್ಲರು?

ಶುರುವಿನಲ್ಲಿ ಈ ಗಡ್ಡೆ ನೋಯುವುದೇ ಇಲ್ಲ. ಅದಕ್ಕೇ ಸಿರೋಸಿಸ್ ಇದ್ದವರು, ಬಿ ವೈರಸ್ ಇರುವ ನಲವತ್ತು ದಾಟಿದ ಗಂಡಸರು, ಬಿ ವೈರಸ್ ಜೊತೆಗೆ ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆಗಿದ್ದವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕು. ಎಎಫ್‌ಪಿ ಎಂಬ ರಕ್ತಪರೀಕ್ಷೆಯನ್ನೂ ಜೊತೆಗೆ ಮಾಡುತ್ತಾರೆ. ಎರಡು-ಮೂರು ಸೆಂಟಿಮೀಟರ್ ಇರುವಾಗ ಸಿಕ್ಕರೆ ಕತ್ತರಿಸಿಯೋ ಸುಟ್ಟೋ ತೆಗೆಯುವ ಅವಕಾಶವಿದೆ. ಬಿ ವೈರಸ್ಸನ್ನು ದಿನದ ಮಾತ್ರೆಯಿಂದ ಹದ್ದುಬಸ್ತಿನಲ್ಲಿಡಬಹುದು, ಸಿ ವೈರಸ್ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಆರೋಗ್ಯ ಇಲಾಖೆಗೆ ನನ್ನದೊಂದೇ ಬೇಡಿಕೆ. ಪ್ರತಿ ಆಸ್ಪತ್ರೆಗೂ, ರಕ್ತನಿಧಿಗೂ ಒಂದು ರಬ್ಬರ್ ಸ್ಟಾಂಪು ಕೊಡಲಿ. ಪಾಸಿಟಿವ್ ಬಂದವರ ಡಿಸ್ಚಾರ್ಜ್ ಚೀಟಿಯ ಮೇಲೆ, ಓದಲು ಬರುವಂಥ ಕನ್ನಡದಲ್ಲಿ, ‘ನಿಮಗೆ ಹೆಪಟೈಟಿಸ್ ಬಿ ಇದೆ. ಲಿವರ್ ವೈದ್ಯರನ್ನು ಕಾಣಿ. ಮನೆಯವರ ರಕ್ತ ಪರೀಕ್ಷೆ ಮಾಡಿಸಿ’ ಎಂದು ಒತ್ತಲಿ. ಓದಲಾರದವರಿಗೆ ನರ್ಸ್ ಓದಿ ಹೇಳಲಿ.

ಭಾವ ತೀರಿಕೊಂಡ ಮೇಲೆ ಅಕ್ಕನ ಮನೆಯವರನ್ನೆಲ್ಲ ಪರೀಕ್ಷೆ ಮಾಡಿಸಿದೆವು. ದೊಡ್ಡ ಮಗನದು ಪಾಸಿಟಿವ್. ಅವನ ಮೊದಲ ಸ್ಕ್ಯಾನ್ ಸರಿಯಾಗಿದೆ, ಎರಡನೆಯದು ಮುಂದಿನ ತಿಂಗಳು.

ಇತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್
ಚಿತ್ರದುರ್ಗ ಜಿಲ್ಲೆ