ತಿಳಮಾತಿಯಿಂದ ಬಂದ ಮೇಲೆ

ಪ್ರಿಯ ಗೆಳೆಯಾ,

ಕೊನೆಗೂ ಹೋಗಿಬಂದೆ. ಹತ್ತನೆಯ ತರಗತಿಯ ಭೂಪಟದಲ್ಲಿ ನೀನು ಪೆನ್ಸಿಲಿನಿಂದ ಸುತ್ತು ಹಾಕಿದ್ದ ಆ ಮೂಲೆಗೆ, ಕರ್ನಾಟಕ ಮುಗಿದು ಗೋವಾ ಶುರುವಾಗುವಲ್ಲಿನ ತಿಳಮಾತಿ ತೀರಕ್ಕೆ. ಒಬ್ಬನೇ ಹೋದೆ.

ಕಾಸರಗೋಡಿನ ನಮ್ಮ ಉಪ್ಪಳದಿಂದ ಮಂಗಳೂರು, ಅಲ್ಲಿಂದ ಕೊಂಕಣ ರೈಲಿನಲ್ಲಿ ಕಾರವಾರ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿಯಿತಲ್ಲ, ಪಕ್ಕದ ಸೇತುವೆಯ ಮೇಲೆ ಬಸ್ ಹೋಗುವಾಗ ಎಲ್ಲರೂ ಒಮ್ಮೆ ಕಿಟಕಿಯ ಕಡೆ ತಿರುಗಿದರು. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ ನೀರಿಗೆ ಕಾಲು ಇಳಿಬಿಟ್ಟು ಕುಳಿತಿದೆ. ಮಾಜಾಳಿಯ ತೀರ ಮುಗಿದ ಮೇಲೆ ವಾಹನದ ದಾರಿ ಇಲ್ಲ. ಗುಡ್ಡ ಹತ್ತಿ ಇಳಿಯಬೇಕು. ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ತೀರಾ ಕೆಳಗೆ ಬಂಡೆಗೆ ಅಪ್ಪಳಿಸುವ ಅಲೆ. ನಮ್ಮೂರಿನಲ್ಲಿ ಬೆಟ್ಟ ನೋಡಬೇಕಾದರೆ ಕಡಲಿಗೆ ಬೆನ್ನು ಹಾಕಬೇಕು. ಅಲ್ಲಿ ಸಹ್ಯಾದ್ರಿಯ ಸೆರಗೇ ಸಮುದ್ರದಲ್ಲಿ ನೆನೆಯುತ್ತಿದೆ.

ಎರಡು ಗುಡ್ಡಗಳ ನಡುವೆ ಬೊಗಸೆಯಷ್ಟು ತೀರ. ಮರಳು ಕಪ್ಪು. ಒದ್ದೆ ಕೈಯಿಂದ ಹಿಡಿದೆ. ಎಳ್ಳುಂಡೆ ಕಟ್ಟುವಾಗ ಅಂಗೈಗೆ ಎಳ್ಳು ಅಂಟಿಕೊಳ್ಳುತ್ತದಲ್ಲ, ಹಾಗೆಯೇ ಅಂಟಿತು. ಒಂದೊಂದು ಕಾಳೂ ಬೇರೆ ಬೇರೆ, ಒಂದೊಂದಕ್ಕೂ ಹೊಳಪು. ಕೊಂಕಣಿಯಲ್ಲಿ ತೀಳ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಹೆಸರಿಟ್ಟವರು ಕೈಯಲ್ಲಿ ಹಿಡಿದು ನೋಡಿಯೇ ಇಟ್ಟಿರಬೇಕು. ಅಲ್ಲಿನ ಕರಿಬಂಡೆಯನ್ನು ಅಲೆ ಅರೆದು ಅರೆದು ಮಾಡಿದ ಮರಳು ಅದು.

ಅಲ್ಲಿಯೇ ನನ್ನ ಕಾಲು ಸೋತದ್ದು. ಇಷ್ಟು ಚೆಲುವಾದ ಜಾಗವನ್ನು ಮಾಡಿದ್ದೂ ಈ ಕಡಲೇ, ನಮ್ಮ ಅಂಗಳವನ್ನು ನುಂಗುತ್ತಿರುವುದೂ ಇದೇ. ಎರಡು ವರ್ಷಗಳಿಂದ ನಾನು ಅದರ ಮುಖ ನೋಡಿರಲಿಲ್ಲ ಗೆಳೆಯಾ. ಮನೆಯ ಪಡುಬಾಗಿಲಿಗೆ ಚಿಲಕ ಹಾಕಿ ಕುಳಿತಿದ್ದೆ. ನಮ್ಮ ಉಪ್ಪಳದ ಮುಸೋಡಿಯ ಕಡೆ ಕಡಲ್ಕೊರೆತ ಹೇಗಿರುತ್ತದೆ ಎಂದು ನಿನಗೆ ವಿವರಿಸಬೇಕಾಗಿಲ್ಲ. ಜೂನ್ ಬಂತೆಂದರೆ ತಡೆಗೋಡೆಯ ಕಲ್ಲುಗಳೇ ಮರಳಿನೊಳಗೆ ಕುಸಿದು ಮಾಯವಾಗುತ್ತವೆ. ನೀನು ಊರು ಬಿಟ್ಟು ಹೋಗುವಾಗ ನಮ್ಮ ಹಿತ್ತಿಲಿನಲ್ಲಿ ಹನ್ನೊಂದು ತೆಂಗಿನಮರಗಳಿದ್ದವು. ಈಗ ನಾಲ್ಕು. ಅಮ್ಮ ಬೆಳಗ್ಗೆ ಎದ್ದ ಕೂಡಲೇ ಎಣಿಸುತ್ತಾರೆ, ಮಕ್ಕಳ ತಲೆ ಎಣಿಸಿದ ಹಾಗೆ.

ಕಡಲಿನಿಂದ ದೂರ, ಒಳನಾಡಿನ ಬದಿಯಡ್ಕದಲ್ಲಿ ಒಂದು ಮನೆ ನೋಡಿದ್ದೇನೆ. ನೋಡಿದ್ದೇನೆ ಎಂದರೆ ಮುಂಗಡವನ್ನೂ ಕೊಟ್ಟಾಗಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಎಳ್ಳಿನಂಥ ಮಣ್ಣು ಅಂಗೈಯಲ್ಲಿ, ಅದರ ಮೇಲೆ ಉಪ್ಪುನೀರು. ಹುಟ್ಟಿದ ಮನೆಗೆ ಎಳ್ಳುನೀರು ಬಿಡಲೆಂದೇ ಇಷ್ಟು ದೂರ ಬಂದೆನೋ ಏನೋ ಎಂದು ಎದೆ ಧಸಕ್ಕೆಂದಿತು. ಕೈ ತೊಳೆದುಕೊಂಡೆ. ಆದರೂ ಉಗುರಿನ ಸಂದಿಯಲ್ಲಿ ನಾಲ್ಕಾರು ಕಾಳು ಉಳಿದವು.

ಇನ್ನೊಂದು ಮಾತು. ಇದನ್ನು ಎಲ್ಲರೂ ಓದುವಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಇದೇ. ನಿಮ್ಮ ಮನೆಯವರು ಸಾಮಾನು ಕಟ್ಟಿ ಲಾರಿಗೆ ಏರಿಸಿದ ದಿನ, ನಾಲ್ಕು ಜನರ ಎದುರು ನಾನು ನಿನ್ನನ್ನು 'ಹೆದರಿ ಓಡುವವನು' ಎಂದೆ. ನಿನ್ನ ಅಪ್ಪ ಕೇಳಿಸಿಕೊಂಡರು. ಏನೂ ಹೇಳದೆ ಹಗ್ಗದ ಗಂಟು ಬಿಗಿಯುತ್ತಲೇ ಇದ್ದರು. ಆ ಕೈಗಳು ಇಂದಿಗೂ ನನ್ನ ಕಣ್ಣಿಗೆ ಕಟ್ಟಿವೆ. ಅವರಿಲ್ಲದ ಮೇಲೆ ಈ ಮಾತು ಹೇಳುವುದು ತಡವಾಯಿತು ಎಂದು ಗೊತ್ತು. ನಾಲ್ಕು ಜನರ ಎದುರು ಆಡಿದ್ದನ್ನು ನಾಲ್ಕು ಜನರ ಎದುರೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಕ್ಷಮಿಸು.

ಇಷ್ಟೆಲ್ಲ ಬರೆಯಬೇಕೆಂದು ಕುಳಿತವನಲ್ಲ. ದಾರಿ, ಬಂಡೆ, ಬಿಸಿಲು ಎಂದು ಒಂದು ಪುಟ ಬರೆದು ಮುಗಿಸುವವನಿದ್ದೆ. ಹೋಗಲಿ. ನೀನು ಹೋಗುವುದಾದರೆ ಮಳೆಗಾಲ ಬೇಡ, ಬಂಡೆ ಜಾರುತ್ತದೆ. ನೀರು ಹೊತ್ತುಕೊಂಡೇ ಹೋಗು. ಇಳಿತದ ಹೊತ್ತು ನೋಡಿಕೋ.

ಬದಿಯಡ್ಕದ ಮನೆಯಲ್ಲಿ ಒಳ್ಳೆಯ ಬಾವಿ ಇದೆ, ಅಂಗಳದ ತುದಿಯಲ್ಲಿ ಬಕ್ಕೆ ಹಲಸು ಇದೆ. ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬಾ. ಅದಕ್ಕೂ ಮೊದಲು ಅಮ್ಮನಿಗೆ ಒಮ್ಮೆ ಫೋನು ಮಾಡುತ್ತೀಯಾ? ನಿನ್ನ ಮಾತನ್ನು ಅವರು ಕೇಳುತ್ತಾರೆ. ಮನೆಯ ವಿಷಯ ಮೊದಲೇ ಎತ್ತಬೇಡ. ಬಂಗುಡೆಗೆ ಈಗ ಎಷ್ಟು ಎಂದು ಕೇಳು. ಅರ್ಧ ಗಂಟೆ ಅವರೇ ಮಾತನಾಡುತ್ತಾರೆ.

ನಿನ್ನ,
ಪಡುಮನೆಯವನು