ಶನಿವಾರ ಜೀಸ್ ಬೆಂಡ್‌ಗೆ: ಹೆಸರು ಕೊಟ್ಟವರು ಓದಿ

ಎಲ್ಲರಿಗೂ ನಮಸ್ಕಾರ,

ಈ ಶನಿವಾರ ಬೆಳಿಗ್ಗೆ 8ಕ್ಕೆ ಮಾಂಟ್ಗಮರಿಯಿಂದ ಜೀಸ್ ಬೆಂಡ್‌ಗೆ ಹೊರಡುತ್ತೇವೆ. ಅದು ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿಯಾಚೆಗಿನ ಒಂದು ಊರು. ಮೊದಲು ವಿಲ್ಕಾಕ್ಸ್ ಕೌಂಟಿಯ ಕ್ಯಾಮ್ಡೆನ್‌ನಲ್ಲಿ ಫೆರಿ ಹತ್ತುವ ಜಾಗಕ್ಕೆ ಬನ್ನಿ. ಅಲ್ಲಿಂದ ಕಾರು ಸಮೇತ ಅಲಬಾಮಾ ನದಿ ದಾಟುವುದು.

ರಸ್ತೆಯಲ್ಲೇ ಹೋಗಬಹುದಲ್ವಾ ಅಂತ ಕೆಲವರು ಕೇಳಿದ್ದೀರಿ. ಹೋಗಬಹುದು, ಸುಮಾರು ಒಂದು ಗಂಟೆ ಸುತ್ತು. ಆದರೆ ಆ ಊರಿನ ಕಥೆ ಇರುವುದೇ ಫೆರಿಯಲ್ಲಿ. ಅಲ್ಲಿನ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ನದಿ ದಾಟಿ ಕ್ಯಾಮ್ಡೆನ್‌ಗೆ ಹೋಗತೊಡಗಿದರು. ಅದನ್ನು ತಡೆಯಲು ಬಿಳಿಯ ಅಧಿಕಾರಿಗಳು 1962ರಲ್ಲಿ ಫೆರಿಯನ್ನೇ ನಿಲ್ಲಿಸಿಬಿಟ್ಟರು. ಮತ್ತೆ ಶುರುವಾದದ್ದು 2006ರಲ್ಲಿ! ಈಗಿನದು ಬ್ಯಾಟರಿಯಿಂದ ಓಡುತ್ತದೆ.

ಇನ್ನು ಕ್ವಿಲ್ಟ್, ಅಂದರೆ ನಮ್ಮ ಕೌದಿಯಂಥ ಹೊದಿಕೆ. ಹಳೇ ಕೆಲಸದ ಬಟ್ಟೆ ಹರಿದು ಇಲ್ಲಿನ ಹೆಂಗಸರು ಹೊಲಿದದ್ದು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನವಾಯಿತು. ಅಜ್ಜಿಯ ಕೌದಿ ಹೊದ್ದು ಮಲಗಿದವರಿಗೆ ಹೆಚ್ಚು ಹೇಳಬೇಕಿಲ್ಲ. ಕೊಳ್ಳುವುದಾದರೆ ದಯವಿಟ್ಟು ಚೌಕಾಸಿ ಬೇಡ. ಅದು ಕೈಕೆಲಸ. ಫೋಟೋ ತೆಗೆಯುವ ಮುಂಚೆ ಕೇಳಿ.

ಊಟ ಕಟ್ಟಿಕೊಂಡೇ ಬನ್ನಿ. ಚಿತ್ರಾನ್ನಕ್ಕೆ ಆಗಲೇ ಮೂರು ಮನೆಯವರು ಒಪ್ಪಿದ್ದಾರೆ, ಬೇರೆ ಏನಾದರೂ ಯೋಚಿಸಿ!

ಗಾಳಿ ಜಾಸ್ತಿಯಾದರೆ, ನದಿ ಏರಿದರೆ ಫೆರಿ ನಿಲ್ಲಬಹುದು. ಶನಿವಾರ 7 ಗಂಟೆಗೆ ವಿಚಾರಿಸಿ ಇಲ್ಲೇ ಹಾಕುತ್ತೇನೆ, ನೋಡಿಕೊಂಡು ಹೊರಡಿ. ಎಷ್ಟು ಜನ, ಕಾರಿನಲ್ಲಿ ಜಾಗ ಇದೆಯಾ ಅಂತ ಗುರುವಾರ ರಾತ್ರಿಯೊಳಗೆ ತಿಳಿಸಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗುವುದಿಲ್ಲ.